ಬುಡ ದಕ್ಷಿಣಕ್ಕಿದ್ದ ದೋಣಿ

ಆಳಂದದಲ್ಲಿ ಫೈಬರ್ ಅಂಗಡಿ ಇಟ್ಟುಕೊಂಡವನ ಹತ್ತಿರ ನೆಟ್ಟಗಿನ ಕೆಲಸ ಬರುವುದು ಅಪರೂಪ. ಬಚ್ಚಲುಮನೆ ಬಾಗಿಲು, ನೀರಿನ ಟಾಕಿಯ ಬಿರುಕು, ಗೇಟಿನ ಕಂಬದ ಮೇಲಿನ ಸಿಂಹ ಎಂದು ಬೋರ್ಡಿನ ಮೇಲೆ ಸ್ಪಷ್ಟವಾಗಿ ಬರೆಸಿದ್ದೇನೆ. ಬರುವವರು ಬೋರ್ಡು ಓದುವುದಿಲ್ಲ. ನಿಂಬರ್ಗಾದವರೊಬ್ಬರು ಎಮ್ಮೆಯ ಮುರಿದ ಕೋಡಿಗೆ ಫೈಬರ್ ಕೋಡು ಮಾಡಿಸಿಕೊಂಡು ಹೋದರು; ಉಳಿದ ಎಮ್ಮೆಗಳ ನಡುವೆ ಅದಕ್ಕೆ ಮರ್ಯಾದೆ ಬೇಕಂತೆ. ಸರಸಂಬಾದವರೊಬ್ಬರು ತಮ್ಮ ಗೇಟಿನ ಸಿಂಹವನ್ನೇ ಟಂಟಂ ಆಟೋದಲ್ಲಿ ಹೇರಿಕೊಂಡು ಬಂದು, ಅದರ ತೆರೆದ ಬಾಯಿಯನ್ನು ಮುಚ್ಚಿಸಿಕೊಂಡು ಹೋದರು. ಹೊಸ ಸೊಸೆ ಬರುವವಳಿದ್ದಳು, ಬಾಗಿಲಲ್ಲೇ ಮನೆಯವರ ಬಗ್ಗೆ ತಪ್ಪು ತಿಳಿಯಬಾರದು ಎಂದು.

ಇಂಥವು ಆಗುತ್ತಲೇ ಇರುತ್ತವೆ, ನಾನೂ ಈಗೀಗ ಕಾರಣ ಕೇಳುವುದನ್ನು ಬಿಟ್ಟಿದ್ದೇನೆ. ಆದರೆ ಭೀಮಾ ನದಿಯ ದಂಡೆಯ ಮೇಲೆ ಒಂದು ದೋಣಿಯ ತೊಲೆ ಬದಲಿಸಲು ಹೋಗಿ ನೋಡಿದ್ದನ್ನು ಮಾತ್ರ ಒಂದು ಕಡೆ ಬರೆದಿಡಬೇಕು ಎನಿಸಿದೆ.

೧. ದಂಡೆಯ ಮೇಲೆ ಕುಣಿಯುವುದು

ಫೋನು ಬಂದದ್ದು ಅಫಜಲಪುರ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯಿಂದ. ಮಾತಾಡಿದವನು ಅಂಬಿಗ. ಜನರನ್ನು ಹೊಳೆ ದಾಟಿಸಿ ಆಚೆಯ ಜೇವರ್ಗಿ ತಾಲೂಕಿಗೆ ಮುಟ್ಟಿಸುವುದು ಅವನ ಉದ್ಯೋಗ.

"ನಮ್ಮ ದೋಣಿ ಕುಣಿಯಾಕತ್ತದ್ರಿ, ಮೇಸ್ತ್ರಿ" ಎಂದ.

ದೋಣಿ ಕುಣಿಯುವುದು ಸಹಜವಲ್ಲವೇ ಎಂದು ಕೇಳಿದೆ. ನಾನು ಅಲ್ಲಿಯವರೆಗೆ ದೋಣಿ ಹತ್ತಿದವನಲ್ಲ. ಆಳಂದದಲ್ಲಿ ಅದಕ್ಕೆ ಅವಕಾಶ ಕಡಿಮೆ.

"ನೀರಿನ್ಯಾಗ ಅಲ್ರಿ. ದಂಡಿ ಮ್ಯಾಲೆ. ಕಾಲಿಟ್ರ ತಳ ಕೆಳಗ ಹೋಗಿ ಮ್ಯಾಲೆ ಬರ್ತದ."

ಹೋಗಿ ನೋಡಿದೆ. ಹನುಮಂತನ ಗುಡಿಯ ಪಕ್ಕ ಬೇವಿನ ಮರದ ಕೆಳಗೆ ಉದ್ದನೆಯ ಫೈಬರ್ ದೋಣಿ ಮಲಗಿತ್ತು. ಇಂಥ ದೋಣಿಯ ತಳ ಬರೀ ಫೈಬರಿನದಾದರೆ ನೆನೆದ ರೊಟ್ಟಿಯ ಹಾಗೆ ಬಾಗುತ್ತದೆ. ಅದಕ್ಕೇ ಮೂತಿಯಿಂದ ಹಿಂಬದಿಯವರೆಗೆ ಉದ್ದಕ್ಕೆ ಎರಡು ಮರದ ತೊಲೆ ಕೂಡಿಸಿ, ಅವುಗಳ ಮೇಲೆ ಫೈಬರ್ ಹೊದಿಕೆ ಹಾಕಿ, ಮೇಲೆ ಹಲಗೆ ಬಡಿದಿರುತ್ತಾರೆ. ಹಲಗೆಯ ಮೊಳೆಗಳ ತೂತಿನಿಂದ ನೀರಿಳಿದು ಒಳಗಿನ ತೊಲೆಗಳು ಕೊಳೆತಿದ್ದವು. ಬೆರಳಿನಿಂದ ಒತ್ತಿದರೆ ಹೂರಣದ ಹಾಗೆ ಒಳಗೆ ಹೋಗುತ್ತಿತ್ತು. ತೊಲೆ ಬದಲಿಸಬೇಕು ಎಂದೆ.

ಅಂಬಿಗ ಕೇಳಿದ್ದು ಒಂದೇ ಮಾತು, ಮಳೆಗಾಲಕ್ಕೆ ಮುಂಚೆ ಆಗುತ್ತದೆಯೇ ಎಂದು. ಮೇಲಿನಿಂದ ನೀರು ಬರುವ ಮೊದಲು ತಾಲೂಕಿನ ಸಾಹೇಬರು ಬಂದು ದೋಣಿ ಪರೀಕ್ಷೆ ಮಾಡುತ್ತಾರೆ. ಪಾಸಾದ ಒಂದೇ ದೋಣಿಗೆ ಆ ವರ್ಷ ಜನ ದಾಟಿಸುವ ಹಕ್ಕು. ಇವನ ದೋಣಿ ದಂಡೆಗೆ ಬಿದ್ದಾಗಿನಿಂದ ಆಚೆ ದಂಡೆಯವನೊಬ್ಬ ತನ್ನ ಕಬ್ಬಿಣದ ದೋಣಿಯಲ್ಲಿ ಜನ ದಾಟಿಸುತ್ತಿದ್ದ. ಆ ಆಚೆ ದಂಡೆಯವನು ಇವನ ಬೀಗ. ಇವನ ಮಗಳನ್ನು ಕೊಟ್ಟದ್ದು ಅವನ ಮಗನಿಗೇ.

"ಹಕ್ಕು ಅಂವಗ ಹೋದ್ರ ಹೋಗ್ಲಿ ಬಿಡ್ರಿ" ಎಂದ ಅಂಬಿಗ. "ಆದ್ರ ನನ್ನ ಮಗಳ್ನ ನೋಡಾಕ ನಾನು ಬೀಗನ ದೋಣಿಯಾಗ ಕುಂತು ಹೋಗಬೇಕೇನ್ರಿ? ಅದೂ ಅಂವ ಹುಟ್ಟು ಹಾಕ್ಕೋತ, ನಾ ಗಂಟು ಹಿಡ್ಕೊಂಡು?"

ವಿಷಯದ ಗಾಂಭೀರ್ಯ ನನಗೆ ತಿಳಿಯಿತು. ನನಗೂ ಬೀಗರಿದ್ದಾರೆ.

೨. ಕಟ್ಟೆಯವರು

ತೊಲೆ ತೆಗೆದ ಮೇಲೆ ತಳಕ್ಕೆ ಆಧಾರ ಉಳಿಯುವುದಿಲ್ಲ. ಆಗ ಅದು ಯಾವ ಆಕಾರಕ್ಕೆ ಬಾಗುತ್ತದೆಯೋ ಹೊಸ ತೊಲೆ ಕೂಡಿಸಿದ ಮೇಲೆ ಅದೇ ಆಕಾರ ಕಾಯಂ. ಆದ್ದರಿಂದ ಹೊರಗಡೆಯಿಂದ ಸುತ್ತಲೂ ಉಸುಕಿನ ಚೀಲ ಒತ್ತಿಟ್ಟು, ದೋಣಿಯನ್ನು ಅಲುಗಾಡದಂತೆ ನಿಲ್ಲಿಸಿದೆ. ಮೇಲಿನ ಹಲಗೆ ಕಿತ್ತೆ. ಊಟ ಮಾಡಿ ಬರುವಷ್ಟರಲ್ಲಿ ಗುಡಿಯ ಕಟ್ಟೆಯ ಮೇಲೆ ಕೂಡುವ ಹಿರಿಯರೆಲ್ಲ ದೋಣಿಯೊಳಗೆ ಇಳಿದು ಕೂತಿದ್ದರು.

ತಪ್ಪು ಅವರದಲ್ಲ. ಬೇವಿನ ನೆರಳು, ಒರಗಲು ಎರಡೂ ಕಡೆ ಗೋಡೆ, ಕಾಲು ಚಾಚಲು ಜಾಗ. ಕಟ್ಟೆಯಲ್ಲಿ ಈ ಯಾವ ಸೌಕರ್ಯವೂ ಇರಲಿಲ್ಲ. ಒಬ್ಬ ಮುತ್ಯಾ ಆಗಲೇ ಟವೆಲ್ ತಲೆಗೆ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ.

ನೀವು ಕೂತರೆ ತಳ ಸೊಟ್ಟಗಾಗುತ್ತದೆ, ದಯಮಾಡಿ ಯಾರೂ ದೋಣಿಯೊಳಗೆ ಕೂಡಬೇಡಿ ಎಂದು ಕೈಮುಗಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೊರಕೆ ಹೊಡೆಯುತ್ತಿದ್ದವನು ಕಣ್ಣು ತೆರೆಯದೆಯೇ ಕೇಳಿದ: "ಕೂಡಬಾರದಂದ್ರ ಅದಕ್ಕ ದೋಣಿ ಅಂತ ಯಾಕ ಅಂತಾರಪಾ?"

೩. ನೀರು ನೋಡುವವರು

ಕಟರ್ ಹಚ್ಚಿ ತೊಲೆಯ ಮೇಲಿನ ಫೈಬರ್ ಸೀಳಿದಾಗ ಒಳಗಿನಿಂದ ನೀರು ಸುರಿಯಿತು. ಚಳಿಗಾಲದಿಂದ ಒಣ ನೆಲದ ಮೇಲೆ ಬಿದ್ದಿದ್ದ ದೋಣಿ, ಮೇಲೆ ಬೆಂಕಿಯಂಥ ಬಿಸಿಲು, ಒಳಗಿನಿಂದ ತಣ್ಣಗಿನ ಕಪ್ಪು ನೀರು. ಮರ ಅದನ್ನೆಲ್ಲ ಕುಡಿದು ಇಟ್ಟುಕೊಂಡಿತ್ತು. ನನಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಊರಿಗೆ ಇತ್ತು. ನಮ್ಮ ಬೋರಿನಲ್ಲಿ ಇಷ್ಟು ನೀರಿಲ್ಲ ಎಂದು ಒಬ್ಬ ರೈತ ಬೇಜಾರು ಮಾಡಿಕೊಂಡು ಹೋದ.

ಇನ್ನೆಲ್ಲಿ ಹಸಿ ಉಳಿದಿದೆ ಎಂದು ನಾನು ಸುತ್ತಿಗೆಯ ಹಿಡಿಯಿಂದ ಕುಟ್ಟಿ ಕೇಳುತ್ತಾ ಕೂತಿದ್ದೆ. ಗಟ್ಟಿ ಮರ ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಕಟ್ಟೆಯವರಿಗೆ ಈ ಪದ್ಧತಿಯ ಮೇಲೆ ಭರವಸೆ ಬರಲಿಲ್ಲ. ಬೋರ್ ಹಾಕಿಸುವ ಮುಂಚೆ ಹೊಲದಲ್ಲಿ ನೀರಿನ ಜಾಗ ತೋರಿಸುವ ಒಬ್ಬರನ್ನು ಕರೆಸಿದರು.

ಅವರು ಶುಭ್ರವಾದ ಧೋತರ ಉಟ್ಟು ಬಂದರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ದೋಣಿಯೊಳಗೆ ಮೂತಿಯಿಂದ ಹಿಂದಕ್ಕೆ ಮೆಲ್ಲಗೆ ನಡೆದರು. ನೀರಿದ್ದ ಕಡೆ ಕಾಯಿ ಎದ್ದು ನಿಲ್ಲಬೇಕು. ಅದು ಮೊದಲ ಹೆಜ್ಜೆಗೇ ನಿಂತಿತು, ಕೊನೆಯವರೆಗೆ ಮಲಗಲಿಲ್ಲ. ಇಡೀ ದೋಣಿ ಹಸಿಯಾಗಿದೆ ಎಂದು ನನ್ನ ಸುತ್ತಿಗೆಯೂ ಹೇಳಿತ್ತು, ಆದ್ದರಿಂದ ನಾನು ಗೌರವದಿಂದ ಎದ್ದು ನಿಂತೆ.

ಅವರು ಹಿಂಬದಿಯ ಒಂದು ಮೂಲೆಗೆ ಬೆರಳು ತೋರಿಸಿದರು. "ಇಲ್ಲಿ ಹೊಡಸ್ರಿ. ಇನ್ನೂರು ಫೂಟಿಗೆ ಎರಡಿಂಚು ನೀರು ಬೀಳ್ತದ."

ಅಂಬಿಗ ಬಗ್ಗಿ ಆ ಮೂಲೆಯನ್ನು ನೋಡಿದ. "ಇಲ್ಲಿ ಹೊಡಿಸಿದ್ರ" ಎಂದ, "ಅಷ್ಟು ಕೆಳಗ ಹೋಗೂದೇನು ಬೇಕಾಗಿಲ್ರಿ."

೪. ಹೊಸಾ ಅಮ್ಮ

ಫೈಬರ್ ಕೊರೆದಾಗ ಏಳುವ ಪುಡಿ ಗಾಜಿನ ಎಳೆಗಳದ್ದು. ಮೈಗೆ ಹತ್ತಿದರೆ ತುರಿಕೆ. ನನ್ನ ಜೊತೆ ಕೆಲಸ ಮಾಡಿದ ಅಂಬಿಗನಿಗೆ, ಮನೆಗೆ ಹೋದ ಕೂಡಲೇ ತಣ್ಣೀರು ಸುರಿದುಕೋ, ಈ ಅಂಗಿಯನ್ನು ಬೇರೆ ಒಗೆಯಬೇಕು ಎಂದು ಹೇಳಿದ್ದೆ. ಅವನು ಮನೆಗೆ ಹೋದ ಕೂಡಲೇ ಕೌದಿಯ ಮೇಲೆ ಮಲಗಿದ. ಅಂಗಿ ಮನೆಯವರೆಲ್ಲರ ಬಟ್ಟೆಯ ಜೊತೆ ಒಂದೇ ಬಕೆಟ್ಟಿಗೆ ಬಿತ್ತು.

ಬೆಳಗ್ಗೆ ಹೋದರೆ ಬಾಗಿಲಿಗೆ ಬೇವಿನ ಸೊಪ್ಪು. ಒಳಗೆ ಮನೆಮಂದಿಯೆಲ್ಲ ಸಾಲಾಗಿ ಕೂತು ತುರಿಸಿಕೊಳ್ಳುತ್ತಿದ್ದರು. ಮೈಮೇಲೆ ಕೆಂಪು ಗಂಧೆ ಕಂಡ ಪಕ್ಕದ ಮನೆಯ ಮುದುಕಿ, ಅಮ್ಮ ಬಂದಿದ್ದಾಳೆ ಎಂದು ಸಾರಿಬಿಟ್ಟಿದ್ದಳು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಖಾರ ಅರೆಯುವಂತಿಲ್ಲ. ನನ್ನ ಊಟವೂ ಅದೇ ಮನೆಯಲ್ಲಿದ್ದುದರಿಂದ ಈ ನಂಬಿಕೆ ನನ್ನ ಮೇಲೆ ನೇರವಾಗಿ ಪರಿಣಾಮ ಮಾಡಿತು.

ಇದು ಅಮ್ಮ ಅಲ್ಲ, ಗಾಜಿನ ಎಳೆ ಎಂದು ಮುದುಕಿಗೆ ಬಿಡಿಸಿ ಹೇಳಿದೆ. ಹೇಳುವಾಗ ನಾನೂ ಕುತ್ತಿಗೆ ತುರಿಸಿಕೊಳ್ಳುತ್ತಿದ್ದೆ, ಹಾಗಾಗಿ ಮಾತಿಗೆ ತೂಕ ಬರಲಿಲ್ಲ.

"ಗಾಜಿಂದೇ ಇರವಲ್ದ್ಯಾಕ" ಎಂದಳು ಮುದುಕಿ. "ಹೊಸಾ ಅಮ್ಮ ಇರ್ತಾಳ. ಹಳೆ ಅಮ್ಮಗ ಡಾಕ್ಟರ್ ಸೂಜಿ ಹಾಕಿ ಹಾಕಿ ಓಡಿಸ್ಯಾರಲ್ಲ."

ಸುದ್ದಿ ಹೊಳೆ ದಾಟಿತು. ಮಧ್ಯಾಹ್ನ ಬೀಗರ ಮನೆಯಿಂದ ದೊಡ್ಡ ಗಡಿಗೆ ಮೊಸರು ಬಂತು, ಮೈ ತಂಪಾಗಲಿ ಎಂದು. ಅಂಬಿಗ ಗಡಿಗೆಯನ್ನು ಮುಟ್ಟಲಿಲ್ಲ. ಅದು ಕಬ್ಬಿಣದ ದೋಣಿಯಲ್ಲಿ ಬಂದ ಮೊಸರು. ಅವನ ಹೆಂಡತಿ ನನಗೂ ತನಗೂ ಬಡಿಸಿಕೊಂಡು, "ಮಸರು ದೋಣಿಯಾಗ ಕುಂತು ಬಂದೇದ, ದೋಣಿ ಮಸರಿನ್ಯಾಗ ಕುಂತು ಬಂದಿಲ್ಲ. ಸುಮ್ನ ಉಣ್ರಿ" ಎಂದಳು.

೫. ಬುಡ ಮತ್ತು ತುದಿ

ಹೊಸ ತೊಲೆ ಮಾಡಲು ಯಡ್ರಾಮಿಯಿಂದ ಒಬ್ಬ ಬಡಿಗರನ್ನು ಕರೆಸಿದೆವು. ವಯಸ್ಸಾದವರು, ಹಣೆಗೆ ಮೂರು ಬೆರಳ ವಿಭೂತಿ. ಮನೆ ತೊಲೆ, ಜಂತಿ, ಬಾಗಿಲ ಚೌಕಟ್ಟು ಮಾಡಿ ಹೆಸರಾದವರು. ದೋಣಿ ಮಾಡಿದವರಲ್ಲ. ತಳದ ಬಾಗಿಗೆ ಸರಿಯಾಗಿ ನಾನು ರಟ್ಟು ಕತ್ತರಿಸಿ ಕೊಟ್ಟಿದ್ದೆ. ಅದರಂತೆ ಸಾಗವಾನಿ ಮರದಲ್ಲಿ ಎರಡು ತೊಲೆ ಕೆತ್ತಿ ಒಣಗಿಸಿ ತಂದರು. ಕೂದಲೆಳೆಯಷ್ಟು ಸಂದು ಇಲ್ಲದಂತೆ ಕೂತವು. ಸಂತೋಷದಿಂದ ನಾನು ಅಂಟಿನ ಡಬ್ಬಿಯ ಮುಚ್ಚಳ ತೆಗೆಯುವಾಗ ಬಡಿಗರು ತೊಲೆಗಳನ್ನು ಮತ್ತೆ ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು.

"ಮೊದಲ ದಿಕ್ಕು ಹೇಳ್ರಿ" ಎಂದರು.

ಮನೆಗೆ ತೊಲೆ ಇಡುವಾಗ ಮರದ ಬುಡದ ಕಡೆ ದಕ್ಷಿಣಕ್ಕೆ, ತುದಿಯ ಕಡೆ ಉತ್ತರಕ್ಕೆ ಇರಬೇಕು. ಉಲ್ಟಾ ಇಟ್ಟರೆ ಮನೆಯಲ್ಲಿ ಏನೂ ನೆಟ್ಟಗೆ ನಡೆಯುವುದಿಲ್ಲ. ಅವರು ಜೀವಮಾನದಲ್ಲಿ ಒಂದು ತೊಲೆಯನ್ನೂ ಉಲ್ಟಾ ಇಟ್ಟವರಲ್ಲ, ಈಗಲೂ ಇಡುವುದಿಲ್ಲ. ಇದು ಮನೆಯಲ್ಲ, ದೋಣಿ, ತಿರುಗುತ್ತದೆ ಎಂದು ನಾನು ಹೇಳಿದೆ. ಅವರು ನನ್ನನ್ನು ಬಿಟ್ಟು ಅಂಬಿಗನ ಕಡೆ ತಿರುಗಿದರು.

"ನೀರಾಗ ಇಳಿದ್ರ ಮೂತಿ ಯಾವ ಕಡಿಗೆ ಇರ್ತದ?"

"ಜೇವರ್ಗಿ ಕಡಿಗ್ರಿ."

"ಅಂದ್ರ ದಕ್ಷಿಣ. ಹಂಗಾದ್ರ ಬುಡ ಮೂತಿಗೆ ಇಡ್ತೇನಿ. ಬರೂವಾಗ?"

"ಬರೂವಾಗ ನಮ್ಮೂರ ಕಡಿಗ್ರಿ. ಉತ್ತರ."

ಬಡಿಗರು ತೊಲೆ ಹೊತ್ತುಕೊಂಡೇ ಹೊಳೆಯನ್ನು ನೋಡುತ್ತಾ ನಿಂತರು. ಆಮೇಲೆ ಅವರು ತೀರ್ಪು ಕೊಟ್ಟರು: "ತಿರುಗಿಸೂದು ಯಾಕ ಬೇಕು? ಹ್ಯಾಂಗ ಹೋಗಿರ್ತದ, ಹಂಗೇ ಹಿಂದಕ್ಕ ಬರ್ಲಿ."

ಅಂಬಿಗ ನಗುತ್ತಾನೆ ಎಂದುಕೊಂಡೆ. ಅವನು ತನ್ನ ಹೆಂಡತಿಯ ಮುಖ ನೋಡಿದ. ಅವರ ಮನೆಯ ನಡುತೊಲೆಯನ್ನು ಅವನ ಅಪ್ಪನ ಕಾಲದಲ್ಲಿ ಯಾರೋ ಉಲ್ಟಾ ಇಟ್ಟುಬಿಟ್ಟಿದ್ದರಂತೆ.

"ಒಪ್ಪಿಕೋರಿ" ಎಂದಳು ಹೆಂಡತಿ. "ಒಂದು ತೊಲಿ ಉಲ್ಟಾ ಇದ್ದುದಕ್ಕ ನೀವು ಹಿಂಗದೀರಿ. ದೋಣಿನೂ ನಿಮ್ಮಂಗ ಆದ್ರ ನಾ ಯಾರ ಜೋಡಿ ಬಾಳೇ ಮಾಡ್ಲಿ?"

೬. ಕಾಯದ ರಾಳ

ಫೈಬರ್ ಬಟ್ಟೆಯನ್ನು ಅಂಟಿಸುವ ರಾಳಕ್ಕೆ ಗಟ್ಟಿ ಮಾಡುವ ಔಷಧಿ ಬೆರೆಸಿದ ಮೇಲೆ ಅದು ಯಾರನ್ನೂ ಕಾಯುವುದಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಂತೂ ಬೆರೆಸಿದವನು ಒಮ್ಮೆ ಸೀನಿದರೆ ಡಬ್ಬಿಯಲ್ಲಿ ಕಲ್ಲಾಗಿರುತ್ತದೆ. ಆದ್ದರಿಂದ ಬಿಸಿಲೇರುವ ಮೊದಲೇ ಹಚ್ಚಿ ಮುಗಿಸಬೇಕು. ಬಡಿಗರು ತೊಲೆಗೆ ಪೂಜೆಯಾಗದೆ ಹಚ್ಚುವಂತಿಲ್ಲ ಎಂದರು. ರಾಹುಕಾಲ ಕಳೆಯುವವರೆಗೆ ಪೂಜೆಯೂ ಇಲ್ಲ.

ರಾಹುಕಾಲ ಕಳೆಯಿತು, ನಾನು ರಾಳ ಬೆರೆಸಿದೆ. ಆಗ ಆರತಿ ಎತ್ತುವ ಮುತ್ತೈದೆಯರು ಇನ್ನೂ ಸೀರೆ ಉಡುತ್ತಿದ್ದಾರೆ ಎಂದು ಗೊತ್ತಾಯಿತು. ಅವರು ಬಂದ ಮೇಲೆ ಬಡಿಗರು ಊದುಬತ್ತಿ ಹಚ್ಚಲು ಹೋದರು. ರಾಳಕ್ಕೆ ಬೆಂಕಿ ಹತ್ತುತ್ತದೆ ಎಂದು ನಾನು ಅಡ್ಡ ನಿಂತೆ. ಕಟ್ಟೆಯವರು ನಡುವೆ ಬಂದು ರಾಜಿ ಮಾಡಿಸಿದರು. ಊದುಬತ್ತಿಯನ್ನು ರಸ್ತೆಯ ಆಚೆ ಹಚ್ಚಿ, ಹೊಗೆಯನ್ನು ಟವೆಲ್ಲಿನಿಂದ ದೋಣಿಯ ಕಡೆ ಬೀಸುವುದು ಎಂದಾಯಿತು. ಗಾಳಿ ಎದುರಿತ್ತು. ಬಹಳ ಹೊತ್ತು ಬೀಸಿದರು.

ಕೊನೆಗೆ ತೊಲೆಗಳ ಬುಡಕ್ಕೆ ಬಡಿಗರು ವಿಭೂತಿ ಎಳೆದರು. ಅದರ ಮೇಲೆ ರಾಳ ಹಿಡಿಯುವುದಿಲ್ಲ ಎಂದೆ. ಅವರು ನಿಧಾನವಾಗಿ ತಲೆ ಎತ್ತಿದರು. "ವಿಭೂತಿ ಮ್ಯಾಲೆ ಹಿಡೀಲಿಲ್ಲಂದ್ರ, ಅದು ಇನ್ಯಾವುದರ ಮ್ಯಾಲೆ ಹಿಡೀತದರಿ?" ಬುಡದ ಕೊನೆಯಲ್ಲಿ ಮಾತ್ರ, ತೆಳ್ಳಗೆ, ಅದು ಒಣಗಿದ ಮೇಲೆಯೇ ರಾಳ, ಎಂದು ಒಪ್ಪಂದವಾಯಿತು.

ನಾನು ಡಬ್ಬಿಯ ಕಡೆ ತಿರುಗಿದಾಗ ಅದರಿಂದ ಹೊಗೆ ಬರುತ್ತಿತ್ತು. ಒಳಗೆ ಬ್ರಷ್ಷು ನೆಟ್ಟಗೆ ನಿಂತಿತ್ತು. ಡಬ್ಬಿ ಒಡೆದು ತೆಗೆದರೆ ಹೊಳೆಯುವ ಜೇನುಬಣ್ಣದ ಒಂದು ಗುಂಡುಕಲ್ಲು, ನಡುವೆ ಬ್ರಷ್ಷು. ಅಂಬಿಗನ ಹೆಂಡತಿ ಅದನ್ನು ಒಯ್ದು ಗಾಳಿಗೆ ಬಡಿದುಕೊಳ್ಳುವ ತನ್ನ ಬಾಗಿಲಿಗೆ ಒತ್ತಿಟ್ಟಳು. ಬ್ರಷ್ಷು ಹಿಡಿದು ಸಲೀಸಾಗಿ ಎತ್ತಲೂ ಬರುತ್ತಿತ್ತು.

"ಮೇಸ್ತ್ರಿ, ಇಷ್ಟು ದಿನದಾಗ ನೀವು ಮಾಡಿದ್ದು ಇದೊಂದು ಛಲೋ ಆಗೇದ ನೋಡ್ರಿ" ಎಂದಳು.

ಮರುದಿನ ನಸುಕಿನಲ್ಲಿ, ಊರು ಏಳುವ ಮೊದಲೇ, ಎರಡೂ ತೊಲೆಗಳಿಗೆ ಹೊದಿಕೆ ಹಾಕಿ ಮುಗಿಸಿದೆ.

೭. ಬೆನ್ನು

ಸಾಹೇಬರು ಬಂದರು. ಭಾರ ತಡೆಯುತ್ತದೆಯೋ ನೋಡಲು ಮಂದಿ ಬೇಕು ಎಂದರು. ಕಟ್ಟೆಯ ಹಿರಿಯರನ್ನು ಕರೆದೆ. "ಈಗಾದ್ರೂ ಕೂಡಬಹುದೇನ್ರಿ?" ಎಂದು ನನ್ನನ್ನು ಕೇಳಿಯೇ ಅವರು ಹತ್ತಿದರು. ರಿಪೇರಿ ಮಾಡಿದವನೂ ಹತ್ತಲಿ ಎಂದು ಸಾಹೇಬರು ಹೇಳಿದ್ದರಿಂದ ಜೀವನದಲ್ಲಿ ಮೊದಲ ಸಲ ನಾನೂ ದೋಣಿ ಹತ್ತಿದೆ.

ಸಾಹೇಬರು ನಡುವೆ ನಿಂತು ಬೂಟುಗಾಲಿನಿಂದ ಜೋರಾಗಿ ಕುಪ್ಪಳಿಸಿದರು. ತಳ ಕುಣಿಯಲಿಲ್ಲ. ಮೂತಿಯ ಹತ್ತಿರ, ನೀರು ತೋಡಲು ಹಲಗೆ ಬಿಟ್ಟ ಜಾಗದಲ್ಲಿ ಬಗ್ಗಿ ನೋಡಿದರು. ಪಾರದರ್ಶಕ ರಾಳದ ಕೆಳಗೆ ಮೂರು ಬಿಳಿ ಗೆರೆಗಳು ಹೊಳೆಯುತ್ತಿದ್ದವು.

"ಇದೇನು, ಕಂಪನಿ ಮುದ್ರಿಯೇನು?" ಎಂದರು.

"ಹೌದ್ರಿ" ಎಂದ ಗೊರಕೆಯ ಮುತ್ಯಾ. "ಭಾಳ ಹಳೀ ಕಂಪನಿ."

ಹೊಳೆ ದಾಟಿದೆವು. ಆಚೆ ದಂಡೆಯಲ್ಲಿ ಬೀಗ ತನ್ನ ಕಡೆಯ ಮಂದಿಯನ್ನು ಕಟ್ಟಿಕೊಂಡು, ಕಬ್ಬಿಣದ ದೋಣಿಗೆ ಒರಗಿ ಕಾಯುತ್ತಿದ್ದ. ಅವನ ಹಿಂದೆ ಅಂಬಿಗನ ಮಗಳು ಸೆರಗು ಕಚ್ಚಿಕೊಂಡು ನಿಂತಿದ್ದಳು. ಎಲ್ಲ ಚೆನ್ನಾಗಿದೆ, ಇನ್ನು ದೋಣಿ ತಿರುಗಿಸಿಕೊಂಡು ನಡೆ ಎಂದರು ಸಾಹೇಬರು.

ಅಂಬಿಗ ತಿರುಗಿಸಲಿಲ್ಲ.

ಸಾಹೇಬರು ಇನ್ನೊಮ್ಮೆ ಹೇಳಿದರು. ಅವನು ಹುಟ್ಟು ಹಿಡಿದು ನೆಲ ನೋಡುತ್ತಾ ನಿಂತ. ಬುಡ ತುದಿಯ ಮಾತು ಅವನ ಬಾಯಿಗೆ ಬರಲಿಲ್ಲ. ಬೀಗರ ಮುಂದೆ ಅದನ್ನು ತೆಗೆದರೆ ಮನೆಯ ಉಲ್ಟಾ ತೊಲೆಯವರೆಗೆ ಹೋಗುತ್ತದೆ. ಮಗಳನ್ನು ಕೊಡುವಾಗ ಆ ತೊಲೆಯ ವಿಷಯ ಹೇಳಿರಲಿಲ್ಲ.

"ತಿರುಗದ ದೋಣಿಗಿ ನಾ ಹ್ಯಾಂಗ ಪಾಸ್ ಕೊಡ್ಲಿ?" ಎಂದರು ಸಾಹೇಬರು. ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಇಟ್ಟರು. ನನಗೆ ಅಂಬಿಗ ಗಂಟು ಹಿಡಿದುಕೊಂಡು ಕಬ್ಬಿಣದ ದೋಣಿಯಲ್ಲಿ ಕೂತದ್ದು ಕಣ್ಣಿಗೆ ಕಟ್ಟಿತು.

ಆಗ ಬೀಗ ನೀರಿಗಿಳಿದು ಬಂದ. "ತಡೀರಿ ಸಾಹೇಬ್ರ. ಅಂವ ಯಾಕ ತಿರುಗಿಸವಲ್ಲ ಅಂತ ನನಗ ಗೊತ್ತಾತು." ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. "ಮಗಳ್ನ ಕೊಟ್ಟ ಮನಿಗಿ ಬೆನ್ನು ಮಾಡಿ ಹೋಗಬಾರದಂತ ಹಂಗ ನಿಂತಾನ್ರಿ. ಬಾಯಿಲೆ ಹೇಳಾಂಗಿಲ್ಲ, ಅಂವ ಮೊದಲಿಂದ ಹಂಗೇ. ಇಷ್ಟು ಮರ್ಯಾದಿ ನನಗ ನನ್ನ ಮಕ್ಕಳೂ ಕೊಟ್ಟಿಲ್ಲ. ಇಂಥಾ ಮನಷ್ಯಾನ ಜೋಡಿ ನಾ ಪೈಪೋಟಿ ಮಾಡಾಂಗಿಲ್ಲ. ಹಕ್ಕು ಅಂವಗೇ ಬರೀರಿ."

ಅಂಬಿಗನಿಗೆ ಹುಟ್ಟಿದಂದಿನಿಂದ ಇಂಥ ವಿಚಾರ ಬಂದಿರಲಿಕ್ಕಿಲ್ಲ. ಅವನು ಹುಟ್ಟು ಕೆಳಗಿಟ್ಟು, ಬಹಳ ವಿನಯದಿಂದ ಬೀಗನಿಗೆ ಕೈಮುಗಿದ. ಕಟ್ಟೆಯವರೆಲ್ಲ ಒಬ್ಬೊಬ್ಬರಾಗಿ ಕೈಮುಗಿದರು. ಸಾಹೇಬರೂ ಏನು ಮಾಡಬೇಕು ತಿಳಿಯದೆ ಕೈಮುಗಿದು, ಪೆನ್ನು ಮತ್ತೆ ಹೊರಗೆ ತೆಗೆದರು.

"ಸಾಹೇಬ್ರ, ದೋಣಿ ತಿರುಗಾಂಗಿಲ್ಲ" ಎಂದ ಅಂಬಿಗ, ಈಗ ಧೈರ್ಯವಾಗಿ. "ನೀವೇ ತಿರುಗಿ ಕೂಡ್ರಿ."

ನಾವೆಲ್ಲ ಎದ್ದು ತಿರುಗಿ ಕೂತೆವು. ಚಪ್ಪಟೆ ಹಿಂಬದಿ ಮುಂದಾಗಿ ಬಂದುದರಿಂದ ದಾರಿಯುದ್ದಕ್ಕೂ ಸಾಹೇಬರ ಬೂಟಿನೊಳಗೆ ನೀರು ಹಾರಿತು. ಆದರೂ ಅವರು ಬೀಗರ ಮರ್ಯಾದೆಯ ವಿಷಯವೆಂದು ಏನೂ ಅನ್ನಲಿಲ್ಲ.

ಇತ್ತೀಚೆಗೆ ಆ ಊರಿಗೆ ಮತ್ತೆ ಹೋಗಿದ್ದೆ. ಯಡ್ರಾಮಿಯ ಬಡಿಗರೂ ಯಾವುದೋ ಬಾಗಿಲ ಕೆಲಸಕ್ಕೆ ಬಂದಿದ್ದರು. ಇಬ್ಬರೂ ದಂಡೆಯ ಮೇಲೆ ಚಹಾ ಕುಡಿಯುತ್ತಾ ಕೂತೆವು. ಅಂಬಿಗನ ದೋಣಿ ಬುಡವನ್ನು ದಕ್ಷಿಣಕ್ಕೇ ಇಟ್ಟುಕೊಂಡು ಹಿಂದುಹಿಂದಾಗಿ ಬಂದು ದಡ ಮುಟ್ಟಿತು. ಬಡಿಗರು ತೃಪ್ತಿಯಿಂದ ತಲೆಯಾಡಿಸಿದರು. ಅದೇ ಹೊತ್ತಿಗೆ ಬೀಗ ಸೊಸೆಯ ತವರಿನಲ್ಲಿ ಊಟ ಮುಗಿಸಿ ತನ್ನ ಕಬ್ಬಿಣದ ದೋಣಿ ಹತ್ತಿದ. ಅಷ್ಟು ಮರ್ಯಾದೆ ಕೊಟ್ಟವರಿಗೆ ಅವನು ಬೆನ್ನು ತೋರಿಸುವುದು ಹೇಗೆ? ಅವನೂ ನಮ್ಮ ಕಡೆಗೇ ಮುಖ ಮಾಡಿ, ಕೈಮುಗಿದು, ದೋಣಿಯನ್ನು ಹಿಂದುಹಿಂದಾಗಿ ಜೇವರ್ಗಿಯ ಕಡೆ ಒಯ್ಯತೊಡಗಿದ.

ಬಡಿಗರು ಬಟ್ಟಲು ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು, ಅದು ನಡುಹೊಳೆ ಮುಟ್ಟುವವರೆಗೂ ನೋಡಿದರು.

"ಕಬ್ಬಿಣದ ದೋಣಿಗಿ ಬುಡ ಎಲ್ಲೇದರಿ, ತುದಿ ಎಲ್ಲೇದರಿ?" ಎಂದರು ಬೇಸರದಿಂದ. "ಈ ಮಂದಿಗಿ ಮೂಢನಂಬಿಕಿ ಭಾಳ ಆಗೇದ."